ನಿರೋಪದ ಹಾರ

ಫೋಟೋವನ್ನು ಮೊಳೆಯಿಂದ ಇಳಿಸಿ, ಗಾಜಿನ ಮೇಲೆ ಕೂತಿದ್ದ ಹಿಟ್ಟನ್ನು ಧೋತರದ ಚುಂಗಿನಿಂದ ಒರೆಸಿ, ಪೊಲೀಸ್ ಅಧಿಕಾರಿಯ ಕೈಗೆ ಕೊಟ್ಟವರು ನೀಲಕಂಠಪ್ಪನವರೇ. ಅದನ್ನು ಕೊಡಿರೆಂದು ಯಾರೂ ಕೇಳಿರಲಿಲ್ಲ.

ಅಧಿಕಾರಿ ಬಂದದ್ದು ಮಕ್ತುಮಸಾಬನ ವಿಷಯ ವಿಚಾರಿಸಲು. ಕುರ್ಲಾದ ಆ ಹಿಟ್ಟಿನ ಗಿರಣಿಯಲ್ಲಿ ಮಕ್ತುಮಸಾಬ ಹದಿನೈದು ವರ್ಷದಿಂದ ಕೆಲಸಕ್ಕಿದ್ದ. ಇಬ್ಬರೂ ವಿಜಾಪುರದ ಕಡೆಯವರು. ಗಿರಣಿ ನೀಲಕಂಠಪ್ಪನವರದು. ಆದರೆ ಅದರ ಕಲ್ಲು, ಪಟ್ಟಾ, ಎಂಜಿನ್ನು ಎಲ್ಲವೂ ಮಕ್ತುಮಸಾಬನ ಮಾತು ಕೇಳುತ್ತಿದ್ದವು. ದೇಶ ಒಡೆದ ಮರುವರ್ಷ ಅವನು ಹೆಂಡತಿಯೊಂದಿಗೆ ಕರಾಚಿಗೆ ಹೋಗಿದ್ದ, ಅದರ ಮುಂದಿನ ವರ್ಷ ತಿರುಗಿ ಬಂದಿದ್ದ. ಈಗ ಐವತ್ತೊಂದನೆಯ ಇಸವಿ. ಹಂಗಾಮಿ ಪರ್ಮಿಟ್ಟಿನ ಮೇಲೆ ಬಂದವನು ಅವಧಿ ಮುಗಿದರೂ ಇಲ್ಲಿಯೇ ಉಳಿದಿದ್ದಾನೆ, ಅವನು ಈ ದೇಶದವನಲ್ಲ ಎಂದು ಯಾರೋ ಅರ್ಜಿ ಹಾಕಿದ್ದರು.

"ಮನಶ್ಯಾ ಎಂಥಾವ ಅಂತ ನೀವ ನೋಡ್ರಿ ಸಾಹೇಬ್ರ," ಎಂದು ನೀಲಕಂಠಪ್ಪನವರು ತಮಗೆ ಬರುವಷ್ಟು ಮರಾಠಿಯನ್ನು ಸೇರಿಸಿ ಹೇಳಿದರು. "ಇಡೀ ಚಾಳ ಕೂಡಿ ಮಾನ ಮಾಡೇವಿ ಅವಗ. ಕೆಟ್ಟವನಿದ್ರ ಹಿಂಗ ಮಾಡ್ತಿದ್ವೇನು?"

ಅಧಿಕಾರಿ ಫೋಟೋ ನೋಡಿದ. ನಡುವೆ ಕುರ್ಚಿಯ ಮೇಲೆ ಮಕ್ತುಮಸಾಬ. ಕೊರಳಲ್ಲಿ ಗಲ್ಲ ಮುಚ್ಚುವಂಥ ದಪ್ಪ ಹಾರ. ಬದಿಗೆ ನೀಲಕಂಠಪ್ಪನವರು. ಅವರ ಪಕ್ಕ ಅವರ ಹೆಂಡತಿ ಬಸಲಿಂಗವ್ವ, ಮತ್ತು ತುಂಬಿದ ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತ ಮಕ್ತುಮಸಾಬನ ಹೆಂಡತಿ ರಾಜಬಿ. ಕೆಳಗೆ ನೆಲದ ಮೇಲೆ ಕೂತವರು ಹಿಡಿದ ಪಾಟಿಯ ಮೇಲೆ ಬಳಪದಲ್ಲಿ ಬರೆದ ಕನ್ನಡ ಅಕ್ಷರಗಳು. ಅದೇನೆಂದು ಅಧಿಕಾರಿ ಕೇಳಿದ. ನೀಲಕಂಠಪ್ಪನವರು ಉತ್ಸಾಹದಿಂದ ಓದಿ ಹೇಳಿದರು, "ನಿರೋಪ ಸಮಾರಂಭ."

ಮರಾಠಿಯವನಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೀಳ್ಕೊಡುಗೆ. ಅವನು ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು, ಇದು ನನ್ನ ಬಳಿ ಇರಲಿ ಎಂದು ಹೊರಟುಹೋದ. ಮರುದಿನ ಮಕ್ತುಮಸಾಬನನ್ನು ಹಿಡಿದುಕೊಂಡು ಹೋದರು.

ನೀಲಕಂಠಪ್ಪನವರೇ ಓಡಾಡಿ ಜಾಮೀನು ನಿಂತು ಬಿಡಿಸಿಕೊಂಡು ಬಂದರು. ಫೋರ್ಟಿನಲ್ಲಿ ಮೈಸೂರು ಕಡೆಯ ವಕೀಲರೊಬ್ಬರು ಇದ್ದಾರೆಂದು ಯಾರೋ ಹೇಳಿದರು. ಇಬ್ಬರೂ ಅವರಲ್ಲಿಗೆ ಹೋದರು.

ವಕೀಲ ವೆಂಕಟಸುಬ್ಬಯ್ಯನವರ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಸಣ್ಣ ಆಳು, ದೊಡ್ಡ ದನಿ. ಕಾಗದಗಳನ್ನು ನೋಡಿ ಅವರು ಕನ್ನಡಕ ತೆಗೆದಿಟ್ಟರು.

"ಮೊದಲು ಒಂದು ತಿಳ್ಕೊಳ್ಳಿ ಸಾಬರೇ. ನಿಮ್ಮನ್ನ ಸುಮ್ಮನೆ ಎತ್ತಿಕೊಂಡು ಹೋಗಿ ಗಡಿ ಆಚೆ ಬಿಸಾಕೋಕೆ ನೀವೇನು ಹುಲ್ಲಿನ ಹೊರೆ ಅಲ್ಲ. ಕೋರ್ಟಿಗೆ ತರಬೇಕು. ಅವರ ಸಾಕ್ಷೀನ ನಾನು ಪ್ರಶ್ನೆ ಕೇಳ್ತೀನಿ. ನಿಮ್ಮ ಸಾಕ್ಷೀನ ನಾವು ತರ್ತೀವಿ. ಇಲ್ಲಿ ಸೋತರೆ ಮೇಲೆ ಹೈಕೋರ್ಟಿದೆ. ಇಷ್ಟೆಲ್ಲ ನಿಮ್ಮ ಹಕ್ಕು. ಯಾರ ದಯೆಯೂ ಅಲ್ಲ. ಅರ್ಥವಾಯ್ತೇ?"

"ನಿಮ್ಮ ಕನ್ನಡ ಭಾಳ ನುಣ್ಣಗ ಅದರಿ," ಎಂದ ಮಕ್ತುಮಸಾಬ. "ತಿಳೀತರಿ. ಆದರ ಸೋತರ?"

"ಸೋತರೆ ಸ್ವಲ್ಪ ದಿನ ಜೈಲು. ಆಮೇಲೆ ರೈಲು ಹತ್ತಿಸಿ ಗಡೀಲಿ ಬಿಡ್ತಾರೆ. ನಿಮ್ಮ ಹೆಂಡತೀನೂ ನಿಮ್ಮ ಹಿಂದೆಯೇ."

ಮಕ್ತುಮಸಾಬ ನಗಲು ನೋಡಿದ. ಆಗಲಿಲ್ಲ. "ಅಲ್ಲಿ ನನಗ ಯಾರದಾರರಿ? ಅಕ್ಕ ಒಬ್ಬಾಕಿ ಇದ್ಲು. ಆಕಿಗಿ ಮಣ್ಣ ಕೊಟ್ಟ ಬಂದೀನಿ."

ಅವನ ಅಕ್ಕನ ಗಂಡ ಕರಾಚಿಯ ಬಂದರಿನಲ್ಲಿ ದುಡಿಯುತ್ತಿದ್ದವನು. ಅಕ್ಕನಿಗೆ ಕ್ಷಯ ಎಂದು ತಿಳಿದು ಗಂಡಹೆಂಡಿರು ಹಡಗು ಹತ್ತಿದ್ದರು. ಆಗ ಹೋಗಲು ಯಾರಪ್ಪಣೆಯೂ ಬೇಕಿರಲಿಲ್ಲ. ಅಕ್ಕ ಬೇಗ ಸಾಯಲಿಲ್ಲ. ಅಷ್ಟರಲ್ಲಿ ಪರ್ಮಿಟ್ಟಿನ ಕಾಯ್ದೆ ಬಂದು ದಾರಿ ಮುಚ್ಚಿತು. ಆಕೆ ತೀರಿಕೊಂಡ ಮೇಲೆ ಅವನು ಕಚೇರಿಯಿಂದ ಕಚೇರಿಗೆ ಅಲೆದ. ಕೊನೆಗೆ ಸಿಕ್ಕದ್ದು ಹಂಗಾಮಿ ಪರ್ಮಿಟ್ಟು ಒಂದೇ. ಊರು ಮುಟ್ಟಿದರೆ ಸಾಕೆಂದು ಅದನ್ನೇ ಹಿಡಿದುಕೊಂಡು ಬಂದಿದ್ದ.

"ಕೇಸು ಇರೋದು ಇಷ್ಟೇ," ಎಂದರು ವಕೀಲರು. "ಹೋಗೋದು ಬೇರೆ, ವಲಸೆ ಹೋಗೋದು ಬೇರೆ. ಹೊಸ ಸಂವಿಧಾನ ಹೇಳೋದು ವಲಸೆ ಹೋದವನ ವಿಷಯ. ತಿರುಗಿ ಬರೋ ಮನಸ್ಸಿಟ್ಟುಕೊಂಡು ಹೋದವನು ವಲಸೆ ಹೋದವನಲ್ಲ. ಈ ನೆಲದವನೇ. ಈ ನೆಲದವನಿಗೆ ಒಳಗೆ ಬರೋಕೆ ಪರ್ಮಿಟ್ಟೇ ಬೇಡ ಅಂತ ನಾನು ವಾದ ಮಾಡ್ತೀನಿ. ಆದರೆ ಹಡಗು ಹತ್ತಿದಾಗ ನಿಮ್ಮ ಮನಸ್ಸಲ್ಲಿ ಏನಿತ್ತು, ಅದನ್ನ ತೋರಿಸಬೇಕಲ್ಲ? ಅವರ ಹತ್ತಿರ ಈ ದರಿದ್ರ ಫೋಟೋ ಇದೆ. ಹಾರ, ಉಡಿ, ಪಾಟಿ. ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ ಕಳಿಸಿದ್ದೀರಿ. ಯಾವ ಮಹಾನುಭಾವ ಇದನ್ನ ಪೊಲೀಸರ ಕೈಗೆ ಕೊಟ್ಟಿದ್ದು?"

ಮಕ್ತುಮಸಾಬ ಬೇರೆ ಕಡೆ ನೋಡಿದ. ನೀಲಕಂಠಪ್ಪನವರು, "ನಾನ್ರಿ," ಎಂದರು.

ವಕೀಲರು ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಹಾಗಾದರೆ ನೀವೇ ಸಾಕ್ಷಿ," ಎಂದರು. "ಅವರು ಆವತ್ತು ಏನು ಹೇಳಿ ಹೋದರೋ ಅದನ್ನ ಹೇಳಿ. ಕೇಳಿದ್ದಕ್ಕಷ್ಟೇ ಉತ್ತರ. ನಿಮಗೆ ಏನನ್ನಿಸಿತು, ನೀವೇನು ತಿಳ್ಕೊಂಡಿರಿ, ಅದೆಲ್ಲ ಬೇಡ. ನಿಮ್ಮ ಮನಸ್ಸಿನ ಮೇಲೆ ಕೇಸಿಲ್ಲ."

ಇಳಿಯುವಾಗ ಮೆಟ್ಟಿಲ ಮೇಲೆ ಮಕ್ತುಮಸಾಬ ನೀಲಕಂಠಪ್ಪನವರ ಕೈ ಹಿಡಿದ. "ಅಣ್ಣಾರ, ಫೋಟೋದ ಸಲುವಾಗಿ ಜೀವಾ ಸಣ್ಣ ಮಾಡಬ್ಯಾಡ್ರಿ. ಒಳ್ಳೇದಕ್ಕಂತ ಕೊಟ್ರಿ. ಪ್ರೀತಿ ಮಾಡಿದ್ದು ತಪ್ಪೇನು?"

ನೀಲಕಂಠಪ್ಪನವರು ಕಂಬಿ ಹಿಡಿದು ನಿಂತರು.

ಪ್ರೀತಿಯಾಗಿದ್ದರೆ ಅವರಿಗೆ ಯಾವ ತೊಂದರೆಯೂ ಇರುತ್ತಿರಲಿಲ್ಲ.

ನಲವತ್ತೆಂಟರ ಆ ದಿನಗಳಲ್ಲಿ ಕೆಲವು ಗಿರಾಕಿಗಳು ಜೋಳದ ಬುಟ್ಟಿ ಹೊತ್ತುಕೊಂಡು ಇವರ ಬಾಗಿಲು ದಾಟಿ ಮುಂದಿನ ಗಿರಣಿಗೆ ಹೋಗತೊಡಗಿದ್ದರು. ಕಣ್ಣೆದುರಿಗೇ ಬೆಳೆದ ಇಬ್ಬರು ತರುಣರು ಒಂದು ದಿನ ಒಳಗೆ ಬಂದು, "ಕಾಕಾ, ಆ ಸಾಬನ್ನ ಇನ್ನೂ ಇಟಗೊಂಡೀರಲ್ಲ? ನಾಳೆ ಗಿರಣಿಗೆ ಏನಾರ ಆದ್ರ ನಮಗ ಕೇಳಬ್ಯಾಡ್ರಿ," ಎಂದು ಹೇಳಿ, ಬಾಗಿಲ ಪಕ್ಕದ ಗಡಿಗೆಯಿಂದ ನೀರು ಕುಡಿದು ಹೋಗಿದ್ದರು. ನೀಲಕಂಠಪ್ಪನವರು ಇದನ್ನು ಯಾರಿಗೂ ಹೇಳಲಿಲ್ಲ. ಬಸಲಿಂಗವ್ವನಿಗೂ ಹೇಳಲಿಲ್ಲ. ಹೇಳಿದ್ದರೆ ಆಕೆ ಆ ಹುಡುಗರ ಮನೆಗೆ ಹೋಗಿ ಅವರ ತಾಯಂದಿರ ಮುಂದೆ ನಿಲ್ಲುತ್ತಿದ್ದಳು. ನೀಲಕಂಠಪ್ಪನವರು ಮಾತ್ರ ಮಕ್ತುಮಸಾಬನ ಬೆನ್ನು ನೋಡುತ್ತ ಕೂಡುತ್ತಿದ್ದರು. ಇವನಿಗೆ ಹೋಗೆಂದು ಹೇಗೆ ಹೇಳಲಿ ಎಂಬುದೇ ಆಗ ಅವರ ಚಿಂತೆ.

ಹೀಗಿರುವಾಗ ಅವನೇ ಬಂದು, ಅಕ್ಕನಿಗೆ ಹುಷಾರಿಲ್ಲ, ಕರಾಚಿಗೆ ಹೋಗುತ್ತೇನೆ ಎಂದ. ಮರುದಿನ ಬೆಳಿಗ್ಗೆ ನೀಲಕಂಠಪ್ಪನವರು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂತು, ಶಿವನೇ, ನನ್ನ ಬಾಯಿಂದ ಹೇಳಿಸದೆ ದಾರಿ ಮಾಡಿಕೊಟ್ಟೆಯಲ್ಲ ಎಂದು ಕಣ್ಣು ಮುಚ್ಚಿ ಕೈಮುಗಿದರು.

ಅದಾದ ಮೇಲೆ ಅವರಿಗೆ ಏನು ಮಾಡಿದರೂ ಕಡಿಮೆ ಎನಿಸಿತು. ಚಾಳಿನವರನ್ನು ಕೂಡಿಸಿದರು, ಫೋಟೋದವನನ್ನು ಕರೆಸಿದರು. ದಾದರಿಗೆ ತಾವೇ ಹೋಗಿ ಹಾರ ತಂದರು. ಹೂವಿನವನು ತೋರಿಸಿದ ಹಾರವನ್ನು ಬಿಟ್ಟು ಅದಕ್ಕಿಂತ ದಪ್ಪನೆಯದು ಬೇಕೆಂದರು.

"ಏನ್ರಿ ಅಣ್ಣಾರ," ಎಂದು ಮಕ್ತುಮಸಾಬ ಹಾರದೊಳಗಿಂದಲೇ ನಕ್ಕಿದ್ದ, "ಎರಡು ತಿಂಗಳಿಗೆ ಹೋಗಿ ಬರಾವಗ ಇದೆಲ್ಲಾ? ಮಂತ್ರಿ ಮಾಡೀರಿ ನನಗ!"

ಬಸಲಿಂಗವ್ವ ರಾಜಬಿಯ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಉತ್ತತ್ತಿ, ಒಂದು ಖಣ. ತುಂಬಿದ ಮೇಲೆ ಉಡಿಗೆ ಕೈ ಹಾಕಿ ಒಂದು ಹಿಡಿ ಅಕ್ಕಿ ತಿರುಗಿ ತೆಗೆದುಕೊಂಡು ತನ್ನ ಅಕ್ಕಿಯ ಡಬ್ಬಿಯೊಳಗೆ ಹಾಕಿದಳು. ಹೆಣ್ಣುಮಗಳು ಹೊರಟಾಗ ಅವರ ಕಡೆ ಹಾಗೆ ಮಾಡುವುದುಂಟು. ಉಡಿಯ ಒಂದು ಹಿಡಿ ಮನೆಯಲ್ಲಿ ಉಳಿದರೆ ಉಡಿ ತುಂಬಿಸಿಕೊಂಡವಳು ಮನೆಗೆ ತಿರುಗಿ ಬರುತ್ತಾಳೆ.

ಮುಂದಿನ ವರ್ಷ ರಾಜಬಿ ಬಾಗಿಲಲ್ಲಿ ಬಂದು ನಿಂತಾಗ ಬಸಲಿಂಗವ್ವ ಅಳುತ್ತ ನಗುತ್ತ, "ನೋಡ್ರಿ, ನನ್ನ ಅಕ್ಕಿ ಎಳಕೊಂಡು ಬಂತು," ಎಂದು ಗಂಡನಿಗೆ ಹೇಳಿದ್ದಳು. ಗಂಡ ಹೌದೆಂದು ತಲೆಯಾಡಿಸಿದ್ದರು. ಅಷ್ಟರಲ್ಲಿ ಊರು ತಣ್ಣಗಾಗಿತ್ತು. ಆ ಹುಡುಗರು ನೌಕರಿಗೆ ಹತ್ತಿದ್ದರು. ಕಲ್ಲುಗಳು ಸವೆದು ಹಿಟ್ಟು ದಪ್ಪ ಬರುತ್ತಿತ್ತು. ಮಕ್ತುಮಸಾಬ ಬಂದ ದಿನವೇ ಕಲ್ಲಿಗೆ ಹೊಸ ಗೀರು ಕೊರೆಯಲು ಉಳಿ ಹಿಡಿದು ಕೂತ. ನೀಲಕಂಠಪ್ಪನವರು ಫೋಟೋವನ್ನು ಗೋಡೆಯಿಂದ ಇಳಿಸಲಿಲ್ಲ. ನೋಡಿ ನೋಡಿ, ಅದರೊಳಗಿದ್ದದ್ದು ಪ್ರೀತಿಯೇ ಎಂದು ಅವರೇ ನಂಬಿಬಿಟ್ಟಿದ್ದರು.

ಬಸಲಿಂಗವ್ವ ಈ ಬೇಸಿಗೆಯಲ್ಲಿ ಲಿಂಗೈಕ್ಯಳಾಗಿದ್ದಳು. ಆಕೆ ಇದ್ದಿದ್ದರೆ ಸಾಕ್ಷಿಗೆ ಆಕೆಯೇ ನಿಲ್ಲುತ್ತಿದ್ದಳು. ಆಕೆಗೆ ಹೇಳಲಾಗದಂಥದ್ದು ಏನೂ ಇರಲಿಲ್ಲ.

ಕೋರ್ಟಿನ ದಿನ ಹತ್ತಿರ ಬಂದಂತೆ ನೀಲಕಂಠಪ್ಪನವರಿಗೆ ಪೂಜೆ ಹತ್ತದಾಯಿತು. ಲಿಂಗ ಅಂಗೈಯಲ್ಲಿರುತ್ತಿತ್ತು, ವಿಭೂತಿ ಹಣೆಯಲ್ಲಿರುತ್ತಿತ್ತು. ಮನಸ್ಸು ಮಾತ್ರ ಆ ಒಂದು ಬೆಳಿಗ್ಗೆ ಇದೇ ಅಂಗೈಯ ಮುಂದೆ ಹೇಳಿದ ಮಾತಿನಲ್ಲಿ ನಿಂತುಬಿಡುತ್ತಿತ್ತು. ಕೇಳಿದ್ದಕ್ಕಷ್ಟೇ ಉತ್ತರ ಎಂದು ವಕೀಲರು ಹೇಳಿದ್ದರು. ಅದನ್ನೇ ಕೇಳಿಬಿಟ್ಟರೆ?

ಕೋರ್ಟಿನಲ್ಲಿ ಅದನ್ನೇ ಕೇಳಿದರು.

ಮೊದಮೊದಲು ಎಲ್ಲವೂ ಸರಿಯಾಗಿ ನಡೆಯಿತು. ಕನ್ನಡದ ಮಾತನ್ನು ಇಂಗ್ಲಿಷಿಗೆ ಮಾಡಲು ಕಾರವಾರದ ದುಭಾಷಿ ಇದ್ದ. ವೆಂಕಟಸುಬ್ಬಯ್ಯನವರು ಕೇಳಿದ್ದಕ್ಕೆ ನೀಲಕಂಠಪ್ಪನವರು ದೇವರ ಮೇಲೆ ಆಣೆ ಮಾಡಿ, ಅವನು ಎರಡು ತಿಂಗಳಲ್ಲಿ ಬರುತ್ತೇನೆಂದು ಹೇಳಿ ಹೋದನೆಂದರು. ಕಟಕಟೆಯಲ್ಲಿ ಮಕ್ತುಮಸಾಬ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಹಿಂದಿನ ಬೆಂಚಿನ ಮೇಲೆ ರಾಜಬಿ ಕೂತಿದ್ದಳು. ಆಕೆಯ ಪಕ್ಕದಲ್ಲಿ ಗಿರಣಿಯ ಗಿರಾಕಿ ಕಾಶಪ್ಪ. ರೈಲ್ವೆ ಕಾರಖಾನೆಗೆ ರಜೆ ಹಾಕಿ ಬಂದಿದ್ದ.

ಆಮೇಲೆ ಸರಕಾರಿ ವಕೀಲರು ಎದ್ದು ಫೋಟೋವನ್ನು ಮುಂದೆ ಹಿಡಿದರು. ದುಭಾಷಿ ಒಂದೊಂದಾಗಿ ಕನ್ನಡಕ್ಕೆ ತಂದ.

"ಈ ಹಾರ ತಂದವರು ಯಾರು?"

"ನಾನ್ರಿ."

"ಎರಡು ತಿಂಗಳಿಗೆ ಊರಿಗೆ ಹೋಗಿ ಬರುವವರಿಗೆಲ್ಲ ಇಷ್ಟು ದೊಡ್ಡ ಹಾರ ಹಾಕುವ ಪದ್ಧತಿ ನಿಮ್ಮಲ್ಲಿ ಉಂಟೋ?"

"ಇಲ್ರಿ."

"ನೀವು ವಿಜಾಪುರಕ್ಕೆ ಹೋಗುವಾಗ ನಿಮಗೆ ಹಾಕಿದ್ದಾರೋ?"

"ನನಗ ಯಾರ ಹಾಕ್ತಾರ್ರಿ?"

ಕೋರ್ಟಿನಲ್ಲಿ ನಗು ಎದ್ದಿತು. ಮ್ಯಾಜಿಸ್ಟ್ರೇಟರೂ ನಕ್ಕರು. ಸರಕಾರಿ ವಕೀಲರು ನಗಲಿಲ್ಲ.

"ಹಾಗಾದರೆ ಈತ ಮತ್ತೆ ಬರುವುದಿಲ್ಲ ಎಂದು ತಿಳಿದೇ ನೀವು ಈ ಹಾರ ಹಾಕಿದಿರಿ. ಹೌದೋ, ಅಲ್ಲವೋ?"

ವೆಂಕಟಸುಬ್ಬಯ್ಯನವರು ಥಟ್ಟನೆ ಎದ್ದು ಇಂಗ್ಲಿಷಿನಲ್ಲಿ ಆಕ್ಷೇಪಿಸಿದರು. ಸಾಕ್ಷಿಯ ಅನಿಸಿಕೆಗೂ ಆರೋಪಿಗೂ ಸಂಬಂಧವಿಲ್ಲ ಎಂಬುದು ಅದರ ಅರ್ಥ. ಮ್ಯಾಜಿಸ್ಟ್ರೇಟರು ಫೋಟೋ ನೋಡುತ್ತಲೇ, ಹೇಳಲಿ ಎಂದು ಕೈ ಮಾಡಿದರು.

ಅಲ್ಲ ಎಂದರೆ ಮುಗಿಯುತ್ತಿತ್ತು. ಒಂದು ಮಾತು. ದುಭಾಷಿ ಪೆನ್ಸಿಲಿನಿಂದ ಕಿವಿ ಕೆರೆದುಕೊಳ್ಳುತ್ತ ಕಾಯುತ್ತಿದ್ದ. ವಕೀಲರು ಕಣ್ಣಿನಲ್ಲೇ ಹೇಳಿಕೊಡುತ್ತಿದ್ದರು. ನೀಲಕಂಠಪ್ಪನವರ ಕೈ ಅಂಗಿಯ ಮೇಲೆ, ಎದೆಯಲ್ಲಿ ಲಿಂಗವಿದ್ದ ಜಾಗಕ್ಕೆ ಹೋಯಿತು. ಇವನು ಬದುಕಬೇಕು ಎನ್ನಿಸಿತು. ಹಾಗೆಯೇ, ಶಿವನ ಮುಂದೆ ಒಮ್ಮೆ ಹೇಳಿದ್ದನ್ನು ಮನುಷ್ಯರ ಮುಂದೆ ಇಲ್ಲವೆನ್ನುವುದು ಹೇಗೆ ಎಂದೂ ಎನ್ನಿಸಿತು.

"ಹೌದ್ರಿ," ಎಂದರು.

ಹಿಂದಿನ ಬೆಂಚಿನಲ್ಲಿ ರಾಜಬಿ, "ಯಾ ಅಲ್ಲಾ," ಎಂದಳು. ಸರಕಾರಿ ವಕೀಲರು, ಇಷ್ಟು ಸಾಕು ಎಂದು ಕೂತುಬಿಟ್ಟರು. ಮಕ್ತುಮಸಾಬ ತಲೆ ಎತ್ತಿ ನೀಲಕಂಠಪ್ಪನವರನ್ನು ನೋಡಿದ. ಸಿಟ್ಟಿರಲಿಲ್ಲ. ಅರ್ಥವಾಗದವನ ಹಾಗೆ ನೋಡಿದ.

ವೆಂಕಟಸುಬ್ಬಯ್ಯನವರು ಏಳುವುದೋ ಬಿಡುವುದೋ ಎಂದು ಅನುಮಾನಿಸುತ್ತಿರುವಾಗ ಮ್ಯಾಜಿಸ್ಟ್ರೇಟರೇ ಕೇಳಿದರು. "ಎರಡು ತಿಂಗಳಲ್ಲಿ ಬರುತ್ತೇನೆಂದು ಆತ ಹೇಳಿದ ಎನ್ನುತ್ತೀರಿ. ನೀವು ಯಾಕೆ ನಂಬಲಿಲ್ಲ? ಆತ ಸುಳ್ಳುಗಾರನೇ?"

"ಅಲ್ರಿ. ಅವ ಎಂದೂ ಸುಳ್ಳ ಹೇಳಿಲ್ರಿ."

"ಮತ್ತೆ?"

"ಅವ ತಿರುಗಿ ಬರಬಾರದು ಅಂತ ಇತ್ತರಿ ನನಗ."

ದುಭಾಷಿ ಬರೆಯುವುದನ್ನು ನಿಲ್ಲಿಸಿದ. "ಏನಂದ್ರಿ? ಇನ್ನೊಮ್ಮೆ ಹೇಳಿ."

"ಬರಬಾರದು ಅಂತ ನನ್ನ ಮನಸಿನ್ಯಾಗ ಇತ್ತು. ಗಿರಣಿಗೆ ಬೆಂಕಿ ಹಚ್ಚತಾರ ಅಂತ ಅಂಜಿದ್ನಿ. ಅವನ ಎದುರಿಗೆ ಹೇಳೂ ಧೈರ್ಯ ಇರಲಿಲ್ಲ. ತಾನ ಹೊಂಟೀನಿ ಅಂದಾಗ ದೇವರಿಗೆ ಕೈ ಮುಗದ್ನಿ. ಅದಕ್ಕ ಹಾರ ಅಷ್ಟ ದೊಡ್ಡದ ಆತರಿ." ಅವರು ಫೋಟೋದ ಕಡೆ ಬೆರಳು ತೋರಿಸಿದರು. "ಬ್ಯಾರೇದವರು ಹಂಗ ತಿಳಿದಿರಲಿಲ್ರಿ. ನನ್ನ ಹೆಂಡತಿ ಉಡಿ ತುಂಬಿ, ಅದರಾಗಿನ ಹಿಡಿ ಅಕ್ಕಿ ತಿರುಗಿ ತಗೊಂಡ್ಲು. ಬರಾಕಿಗೆ ಹಂಗ ಮಾಡ್ತಾರ್ರಿ, ಹೋಗೇ ಬಿಡಾಕಿಗೆ ಅಲ್ಲ. ಇವನೂ ಹೋಗೂ ಮುಂಚೆ ಗಿರಣಿ ಕಲ್ಲಿಗೆ ಉಳಿ ಹೊಡದ. 'ಎರಡು ತಿಂಗಳಿಗೆ ತಕ್ಕಷ್ಟ ಹೊಡದೀನಿ ಅಣ್ಣಾರ, ಅಷ್ಟರಾಗ ಬಂದು ಮತ್ತ ಹೊಡೀತೀನಿ' ಅಂದ. ನಾ ಹೂಂ ಅಂದೆ. ಫೋಟೋದಾಗ ಖೊಟ್ಟಿ ಇದ್ದಾಂವ ನಾ ಒಬ್ಬನ್ರಿ."

ದುಭಾಷಿ ಎಲ್ಲವನ್ನೂ ಇಂಗ್ಲಿಷಿಗೆ ಮಾಡುವುದು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನೀಲಕಂಠಪ್ಪನವರು ಕಟಕಟೆಯ ಕಡೆ ನೋಡಲಿಲ್ಲ.

ತೀರ್ಪನ್ನು ಮುಂದಿನ ವಾರಕ್ಕೆ ಇಟ್ಟರು. ಆ ವಾರ ಮಕ್ತುಮಸಾಬ ಗಿರಣಿಗೆ ಬಂದ, ಪಟ್ಟಾ ಏರಿಸಿದ, ಜೋಳ ಸುರಿದ, ಹಿಟ್ಟು ತೂಗಿ ಕೊಟ್ಟ. ಗಿರಾಕಿಗಳೊಂದಿಗೆ ಎಂದಿನಂತೆ ಮಾತಾಡಿದ. ನೀಲಕಂಠಪ್ಪನವರು ಏನಾದರೂ ಕೇಳಿದರೆ ಹೌದು, ಅಲ್ಲ ಎಂದಷ್ಟೇ ಹೇಳಿದ. ರೇಶನ್ನಿನ ಕೆಂಪು ಜೋಳ ಬೀಸಿಸಲು ಬಂದ ಕಾಶಪ್ಪ ಇಬ್ಬರ ಮುಖವನ್ನೂ ನೋಡಿ, "ಕಾಕಾ, ಖರೇ ಹೇಳಿದ್ರಿ, ಚಲೋ ಆತು," ಎಂದ. "ಆದರ ಮೂರು ವರ್ಷ ಎಲ್ಲಿಟ್ಟಿದ್ರಿ ಅದನ್ನ? ಉಪ್ಪಿನಕಾಯಿ ಭರಣಿಯೊಳಗ?"

"ಸುಮ್ಮನಿರೋ ಕಾಶ್ಯಾ," ಎಂದವನು ಮಕ್ತುಮಸಾಬ. ನೀಲಕಂಠಪ್ಪನವರಿಗೆ ಕಾಶಪ್ಪನ ಮಾತಿಗಿಂತ ಅದು ಹೆಚ್ಚು ಚುಚ್ಚಿತು.

ಮುಂದಿನ ವಾರ ಮ್ಯಾಜಿಸ್ಟ್ರೇಟರು ಓದಿದ್ದರ ಸಾರವನ್ನು ವೆಂಕಟಸುಬ್ಬಯ್ಯನವರು ಅಲ್ಲಿಯೇ ಪಿಸುದನಿಯಲ್ಲಿ ಕನ್ನಡಕ್ಕೆ ತಂದರು. ಹಾರವು ಅದನ್ನು ಹಾಕಿದವನ ಮನಸ್ಸನ್ನು ಹೇಳುತ್ತದೆಯೇ ಹೊರತು ಹಾಕಿಸಿಕೊಂಡವನ ಮನಸ್ಸನ್ನಲ್ಲ. ಆರೋಪಿ ತಿರುಗಿ ಬರುವುದು ಬೇಡವಾಗಿದ್ದ ಮನುಷ್ಯನೇ, ತನ್ನ ಮಾನ ಹೋಗುವುದನ್ನೂ ಲೆಕ್ಕಿಸದೆ, ಆತ ಬರುತ್ತೇನೆಂದೇ ಹೇಳಿ ಹೋದನೆಂದು ಹೇಳಿದ್ದಾನೆ. ಇದಕ್ಕಿಂತ ನಂಬತಕ್ಕ ಸಾಕ್ಷಿ ಈ ಕೋರ್ಟಿಗೆ ಬೇಕಿಲ್ಲ. ಆರೋಪಿ ಹೋದದ್ದು ಕಾಯಿಲೆಯ ಅಕ್ಕನನ್ನು ನೋಡಲು. ಅದು ವಲಸೆಯಲ್ಲ. ಬಿಡುಗಡೆ.

"ಗೆದ್ದಿರಿ ಸಾಬರೇ!" ಎಂದರು ವಕೀಲರು ಹೊರಗೆ ಬಂದು. "ನಿಮ್ಮ ಯಜಮಾನರು ಹೌದು ಅಂದಾಗ ನನ್ನ ಜೀವ ಹೋಗಿತ್ತು. ಅದೇ ಹೌದು ನಮ್ಮನ್ನ ಗೆಲ್ಲಿಸಿತು ನೋಡಿ. ನಡೀರಿ, ಇಲ್ಲೇ ಉಡುಪಿ ಹೋಟೆಲಿದೆ. ದೋಸೆ ತಿನ್ನೋಣ."

ಮಕ್ತುಮಸಾಬ ಬಾಗಿ ಅವರ ಕಾಲು ಮುಟ್ಟಿದ. "ನಿಮ್ಮ ಉಪಕಾರ ಸಾಯೂತನಕ ಮರಿಯಂಗಿಲ್ರಿ. ಹಸಿವಿಲ್ರಿ ಈಗ. ಈಕಿನ್ನ ಮನಿಗೆ ಕರಕೊಂಡು ಹೋಗ್ತೀನಿ."

ಬೋರಿಬಂದರಿನಿಂದ ಮೂವರೂ ಒಂದೇ ಲೋಕಲ್ ರೈಲು ಹತ್ತಿದರು. ಎದುರು ಬದುರು ಕೂಡುವಷ್ಟು ಜಾಗವಿತ್ತು. ಮಕ್ತುಮಸಾಬ ಬಾಗಿಲಲ್ಲಿ ನಿಂತುಕೊಂಡ. ರಾಜಬಿ ಒಬ್ಬಳೇ ನೀಲಕಂಠಪ್ಪನವರ ಎದುರು ಕೂತಳು. ಮಸೀದಿ ಬಂದರ ದಾಟಿತು, ಬೈಕಳಾ ದಾಟಿತು. ದಾದರು ಬಂದಾಗ ಆಕೆ, "ಬಸಲಿಂಗವ್ವಕ್ಕಗ ಗೊತ್ತಿತ್ತೇನ್ರಿ ಅಣ್ಣಾರ?" ಎಂದು ಕೇಳಿದಳು.

"ಇಲ್ಲವಾ."

"ಚಲೋ ಆತು," ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಕಿಗಿ ಗೊತ್ತಾಗದ ಹೋದದ್ದು ಚಲೋ ಆತು."

ನಾಲ್ಕು ದಿನ ಮಕ್ತುಮಸಾಬ ಗಿರಣಿಗೆ ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ಉಳಿ, ಸುತ್ತಿಗೆಯ ಚೀಲ ಹಿಡಿದುಕೊಂಡು ಬಂದ.

"ಬಾಂದ್ರಾದಾಗ ಒಂದು ಗಿರಣಿಯೊಳಗ ಕೆಲಸ ಸಿಕ್ಕೈತ್ರಿ," ಎಂದ. "ಇರಾಕ ಖೋಲಿನೂ ಕೊಡ್ತಾರಂತ. ಹೋಗೂ ಮುಂಚೆ ನಿಮ್ಮ ಕಲ್ಲು ಮಾಡಿ ಕೊಟ್ಟು ಹೋಗ್ತೀನಿ. ಭಾಳ ಸವದಾವ."

"ಮಕ್ತುಮ," ಎಂದರು ನೀಲಕಂಠಪ್ಪನವರು. "ತಪ್ಪಾತಪಾ ನಂದು."

"ನೀವು ಸುಳ್ಳ ಹೇಳಿದ್ರ ನಾ ಈಗ ಗಡಿ ಆಚೆ ಇರ್ತಿದ್ನಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ." ಅವನು ಮೇಲಿನ ಕಲ್ಲನ್ನು ಸನ್ನೆಕೋಲಿನಿಂದ ಎತ್ತಿ ಮಗ್ಗುಲಿಗೆ ಕೆಡವಿದ. "ಅಲ್ಲಿ ಕರಾಚಿಯೊಳಗ ಪರ್ಮಿಟ್ಟಿನ ಸಾಲಿನ್ಯಾಗ ನಿಂತಾಗ ಒಂದ ಮಾತು ಅಂತಿದ್ನಿ. ಅಲ್ಲಿ ಅಣ್ಣಾರು ನನ್ನ ದಾರಿ ನೋಡ್ಲಾಕತ್ತಾರ ಅಂತ. ಅದೊಂದ ಮಾತಿನ ಮ್ಯಾಲ ನಿಲ್ತಿದ್ನಿ."

ಕಲ್ಲಿನ ಮುಂದೆ ಕೂತು ಉಳಿ ಹೊಡೆಯತೊಡಗಿದ. ನೀಲಕಂಠಪ್ಪನವರು ಜೋಳದ ಚೀಲಕ್ಕೆ ಒರಗಿ ಕೂತು ನೋಡುತ್ತಿದ್ದರು. ಗೋಡೆಯ ಮೇಲೆ ಬರಿಯ ಮೊಳೆ ಇತ್ತು. ಫೋಟೋ ಕೋರ್ಟಿನಲ್ಲೇ ಉಳಿದಿತ್ತು. ಅದು ಇದ್ದ ಜಾಗ ಮಾತ್ರ ಚೌಕಾಗಿ ಬೆಳ್ಳಗೆ ಕಾಣುತ್ತಿತ್ತು. ಗೀರಿನ ಮೇಲೆ ಗೀರು ಬೀಳುತ್ತ ಹೊತ್ತು ಏರಿತು. ಬುಟ್ಟಿ ತಂದ ಹೆಂಗಸರು ಇಣುಕಿ ನೋಡಿ ತಿರುಗಿ ಹೋದರು.

ಎರಡೂ ಕಲ್ಲು ಮುಗಿದ ಮೇಲೆ ಅವನು ಜೋಡಿಸಿ, ಕೈಯಿಂದ ತಿರುವಿ ನೋಡಿ, ಉಳಿಗಳನ್ನು ಚೀಲಕ್ಕೆ ಹಾಕಿಕೊಂಡ.

ನೀಲಕಂಠಪ್ಪನವರು ಕೇಳಬಾರದೆಂದುಕೊಂಡರೂ ಕೇಳಿದರು. "ಎಷ್ಟು ದಿನಾ ಬರ್ತಾವಪಾ ಇವು?"

ಮಕ್ತುಮಸಾಬ ಬಾಗಿಲಲ್ಲಿ ನಿಂತು ಕೈಯ ಕಲ್ಲುಪುಡಿಯನ್ನು ಝಾಡಿಸಿದ.

"ಈ ಸಲ ಆಳ ಹೊಡದೀನ್ರಿ ಸಾವುಕಾರ್ರ. ಭಾಳ ದಿನಾ ಬರ್ತಾವ."

ಅಣ್ಣಾರ ಎಂದಿರಲಿಲ್ಲ.

ಅವನು ಹೋದ ಮೇಲೆ ನೀಲಕಂಠಪ್ಪನವರು ಪಟ್ಟಾ ಏರಿಸಿ ಒಂದು ಬೊಗಸೆ ಜೋಳ ಸುರಿದರು. ಹೊಸದಾಗಿ ಉಳಿ ಹೊಡೆದ ಕಲ್ಲಿನ ಮೊದಲ ಹಿಟ್ಟನ್ನು ಯಾರೂ ತಿನ್ನುವುದಿಲ್ಲ. ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ. ಅದನ್ನು ಹೊರಗೆ ಚೆಲ್ಲಿಬಿಡುತ್ತಾರೆ. ಅವರು ಅದನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದರು. ಬಸಲಿಂಗವ್ವ ಹೋದ ಮೇಲೆ ಕಲಿತಿದ್ದ ಕೈಯಿಂದ ನಾದಿ, ತಟ್ಟಿ, ಸೊಟ್ಟಗೊಂದು ರೊಟ್ಟಿ ಬೇಯಿಸಿದರು.

ಸ್ನಾನ ಮಾಡಿ ಪೂಜೆಗೆ ಕೂತರು. ಅಂದು ಏನನ್ನೂ ಬೇಡಲಿಲ್ಲ, ಯಾವುದಕ್ಕೂ ಕೈಮುಗಿಯಲಿಲ್ಲ. ರೊಟ್ಟಿಯನ್ನು ಲಿಂಗಕ್ಕೆ ತೋರಿಸಿ, ತಾಟಿನ ಮುಂದೆ ಕೂತು ಮುರಿದು ಬಾಯಿಗಿಟ್ಟರು. ಹಲ್ಲಿನಲ್ಲಿ ಕಲ್ಲು ಕರಕರ ಎಂದಿತು. ದೇವರಿಗೆ ತೋರಿಸಿದ್ದನ್ನು ಅವರ ಮನೆಯಲ್ಲಿ ಯಾರೂ ಉಗುಳಿದವರಲ್ಲ.

ನಿಧಾನವಾಗಿ ಅಗಿದರು.